ರೇವತಿ ನಕ್ಷತ್ರ, ಜೂನ್ ಒಂದು

ಬೆಳಗಿನ ಜಾವ ನಾಲ್ಕಕ್ಕೇ ಬೆಟ್ಟದ ಪಾದದಲ್ಲಿ ಚಪ್ಪಲಿ ಬಿಟ್ಟು
ಅವ್ವ ಮೊದಲ ಮೆಟ್ಟಿಲಿಗೆ ಬಗ್ಗಿದಳು.
ಅರಿಸಿನ ಒಂದು ಬೊಟ್ಟು, ಮೇಲೆ ಕುಂಕುಮ,
ಒಂದೆಸಳು ಸೇವಂತಿಗೆ. ಆಮೇಲೆ ಎರಡನೆಯದು.
ಹೀಗೆ ಸಾವಿರದೆಂಟು ಸಲ.
ಮಂಡಿಚಿಪ್ಪು ಸವೆದಿದೆಯೆಂದು ಡಾಕ್ಟರು ಕೊಟ್ಟ ಎಕ್ಸ್‌ರೇ
ಬೀರುವಿನ ಮೇಲೆ ಧೂಳು ತಿನ್ನುತ್ತಿದೆ.

ಆಷಾಢದ ಗಾಳಿ. ಬಿದ್ದೂ ಬೀಳದಂಥ ತುಂತುರು.
ಹಿಂದೆ ಬಟ್ಟಲು ಹಿಡಿದು ನಾನು,
ಮುಂದೆ ಅವಳ ಬೆರಳು:
ನಲವತ್ತು ವರ್ಷ ಊದುಬತ್ತಿ ಹೊಸೆದು
ಉಗುರ ಸಂದಿಗೆ ಇದ್ದಲ ಕಪ್ಪು ಇಳಿದದ್ದು,
ಇವತ್ತೊಂದು ದಿನ ಕೆಂಪಗೆ.

ಇಂದು ಅಮ್ಮನವರ ವರ್ಧಂತಿ.
ಆಷಾಢ ಬಹುಳ, ರೇವತಿ ನಕ್ಷತ್ರ.
ಪಂಚಾಂಗದಲ್ಲಿದೆ, ಸಿಟಿ ಬಸ್ಸಿನ ಬೆನ್ನಿಗಂಟಿಸಿದ ಪೋಸ್ಟರಿನಲ್ಲೂ ಇದೆ.

ನನ್ನ ಕೆಲಸ ಪಾಲಿಕೆಯ ಜನನ ಮರಣ ವಿಭಾಗದಲ್ಲಿ.
ಎರಡನೇ ಕಿಟಕಿ.
ನಾನು ಮೊಹರು ಒತ್ತುವ ತನಕ
ಅತ್ತು ಅತ್ತು ಬೀದಿ ಎಬ್ಬಿಸಿದ ಕೂಸಿಗೂ
ಹುಟ್ಟಿದ್ದಕ್ಕೆ ಸಾಕ್ಷಿಯಿಲ್ಲ.
ಅಂಥ ನನ್ನ ಮನೆಯಲ್ಲೇ
ಹುಟ್ಟಿದ ದಿನ ಗೊತ್ತಿಲ್ಲದ ಹೆಂಗಸು, ನಿಂಗಾಜಮ್ಮ.

ಅಜ್ಜಿಯನ್ನು ಕೇಳಿದರೆ ಒಮ್ಮೆ,
ನಾಲೆಗೆ ನೀರು ಬಿಟ್ಟ ವಾರ ಕಣೆ, ಎನ್ನುವಳು.
ಇನ್ನೊಮ್ಮೆ, ಹುಣಸೆ ಬಡಿಯೋ ಕಾಲ,
ತುಂಬಿದ ಬಸುರೀಲೂ ಮರದ ಕೆಳಗೆ ಹಣ್ಣು ಆಯ್ತಿದ್ದೆ.
ನಾಲೆಗೂ ಹುಣಸೆಗೂ ನಡುವೆ ಐದಾರು ತಿಂಗಳು;
ಅಷ್ಟರೊಳಗೆ ಎಲ್ಲೋ ಅವ್ವ.
ಕೊನೆಗೆ ಸಿಂಗ್ರಯ್ಯ ಮೇಷ್ಟ್ರು
ತಲೆ ಮೇಲಿಂದ ಕೈ ಹಾಯಿಸಿ ಆಚೆ ಕಿವಿ ಮುಟ್ಟಿಸಿ
ಜೂನ್ ಒಂದು ಎಂದು ಬರೆದರು.
ಆ ದಿನ ಆ ಊರಲ್ಲಿ ಹದಿನಾರು ಮಕ್ಕಳು ಹುಟ್ಟಿದವು,
ಅಷ್ಟೂ ಸ್ಲೇಟು ಬಳಪ ಹಿಡಿದುಕೊಂಡೇ.

ಮುನ್ನೂರು ಮೆಟ್ಟಿಲಾದ ಮೇಲೆ ಉಸಿರಿಗೆ ಕೂತಾಗ ಕೇಳಿದೆ:
ಇವಳೇನು ಹೊಟ್ಟೆಯಿಂದ ಬಂದವಳಲ್ಲವಲ್ಲ.
ದೇವರುಗಳ ಸಿಟ್ಟೆಲ್ಲ ಒಂದೆಡೆ ಕೂಡಿ ಉರಿದು ಹೆಣ್ಣಾದದ್ದು.
ಸೂಲಗಿತ್ತಿಯಿಲ್ಲ, ತೊಟ್ಟಿಲಿಲ್ಲ,
ಕಣ್ಣು ಬಿಟ್ಟ ಕೂಡಲೇ ಕೈತುಂಬ ಆಯುಧ.
ಗಳಿಗೆ ಬರೆದುಕೊಂಡವರು ಯಾರು?

ಅವ್ವ ಸುಮ್ಮನಿದ್ದಳು.
ಪಕ್ಕದಲ್ಲಿ ಕಡಲೆಪುರಿ ತಿನ್ನುತ್ತಿದ್ದ ಮುದುಕ ಹೇಳಿದ:
ಯಾರೋ ಅರಸರು ಉತ್ಸವಮೂರ್ತಿ ತಂದು ಕೂರಿಸಿದ ದಿನವಂತೆ ಇದು,
ಅವತ್ತಿಂದ ಇದೇ ಹುಟ್ಟಿದಬ್ಬ.
ನಮ್ಮಪ್ಪ ಹಂಗಂತಿದ್ದ. ನಾನೇನು ಕಂಡಿದ್ದೀನಾ.
ಎನ್ನುತ್ತ ಅರ್ಧ ಪುರಿ ಕೋತಿಗೆ ಚೆಲ್ಲಿದ.

ಹಾಗಾದರೆ ಹುಟ್ಟಿದ ದಿನವಲ್ಲ, ಬಂದ ದಿನ.
ಯಾರೋ ಕರೆತಂದು, ಇಲ್ಲಿ ಕೂತ್ಕೊ, ಎಂದ ದಿನ.
ಗರ್ಭಗುಡಿಯ ಕತ್ತಲಿಗೂ
ಆ ಒಂದನೇ ಕ್ಲಾಸಿನ ಕತ್ತಲಿಗೂ
ನನ್ನ ತಲೆಯೊಳಗೆ ಬಾಗಿಲು ಒಂದೇ ಆಗಿಬಿಟ್ಟಿತು.
ಸಾಲಿನ ಕೊನೆಗೆ, ಎಣ್ಣೆ ಹಚ್ಚಿ ಜಡೆ ಬಿಗಿದು,
ಅಳಬಾರದೆಂದು ತುಟಿ ಕಚ್ಚಿ ಕೂತವಳ ಮುಂದೆ
ಒಂದು ಬೊಟ್ಟು ಇಡಬೇಕೆನಿಸಿತು.

ನಂದಿಯ ಹತ್ತಿರ ಮಂಡಿ ಕೈಕೊಟ್ಟಿತು.
ಬಟ್ಟಲು ಅವಳ ಕೈಗೆ, ಬಗ್ಗುವುದು ನನಗೆ.
ತುದೀಗಲ್ಲ ಕಣೆ, ನಡುಮಧ್ಯಕ್ಕೆ.
ಜನ ತುಳಿಯಲ್ವಾ?
ತುಳೀಲಿ. ತುಳಿದವರ ಕಾಲಿಗೆ ಹತ್ತಿಕೊಂಡು ಮೇಲಕ್ಕೋಗ್ಲಿ.

ಅಷ್ಟೊತ್ತಿಗೆ ಸೂರ್ಯ ಮೋಡದ ಹಿಂದೆ,
ಕೆಳಗೆ ಊರು ಇನ್ನೂ ಹೊದ್ದು ಮಲಗಿತ್ತು.
ಎಲ್ಲೋ ಲೆಕ್ಕ ತಪ್ಪಿತು. ತಪ್ಪಿದ್ದನ್ನು ನಾನು ಹೇಳಲಿಲ್ಲ.

ದರುಶನ ಮೂರು ಸೆಕೆಂಡು.
ನೂಕುವ ಪೊಲೀಸಮ್ಮನ ಮೊಣಕೈ ದಾಟಿ
ಅವ್ವ ಏನು ಕಂಡಳೋ, ಜೋರಾಗಿ
ಚೆನ್ನಾಗಿದ್ದೀಯೇನವ್ವಾ, ಎಂದದ್ದು ಮಾತ್ರ ಕೇಳಿಸಿತು.

ಆಚೆ ಪೆಂಡಾಲಿನಲ್ಲಿ ಊಟ.
ಎಲೆಯ ತುದಿಗೆ ಬಿದ್ದ ಮೈಸೂರು ಪಾಕು ತಿಂದು ಮುಗಿಸಿ
ಬಡಿಸುವ ಹುಡುಗನನ್ನು ಕರೆದು ಇನ್ನೊಂದು ಕೇಳಿದಳು.
ಸಕ್ಕರೆ ಕಾಯಿಲೆ, ಎಂದು ನಾನು ಕಣ್ಣು ಬಿಟ್ಟೆ.
ಅವಳು ಕೆಂಪು ಬೆರಳಲ್ಲೇ ಅದನ್ನು ಮುರಿದು,
ದೊಡ್ಡ ಚೂರು ತನಗಿಟ್ಟುಕೊಂಡು ಅಂದಳು:

ಇವತ್ತೇ ಇದ್ರೂ ಇರ್ಬೌದು ಕಣವ್ವ,
ನಂದೂವೆ.